ಗಾಡಿ ವಾಲಿದಾಗ ಕೈ ಎಲ್ಲಿರಬೇಕು? ಸೈಡ್-ಬೈ-ಸೈಡ್ ಹತ್ತುವ ಮುಂಚೆ ಓದಿ

ಮೊದಲು ಒಂದು ಸಣ್ಣ ಪ್ರಯೋಗ. ನೀವು ಕುರ್ಚಿ ಮೇಲೆ ಕೂತಿದ್ದೀರಿ, ಅದು ತಟ್ಟನೆ ಎಡಕ್ಕೆ ವಾಲಿತು ಅಂದುಕೊಳ್ಳಿ. ಎಡಗೈ ಎಲ್ಲಿಗೆ ಹೋಗುತ್ತದೆ? ನೀವು ಯೋಚನೆ ಮಾಡುವಷ್ಟರಲ್ಲಿ ಅದು ನೆಲ ಹುಡುಕಿಕೊಂಡು ಹೋಗಿರುತ್ತದೆ. ಬೀಳುವಾಗ ಕೈ ಊರುವುದನ್ನು ಯಾರೂ ಹೇಳಿಕೊಟ್ಟಿಲ್ಲ, ಅಂಬೆಗಾಲಿಡುವಾಗಿನಿಂದ ಬಂದ ಅಭ್ಯಾಸ ಅದು. ಬಚ್ಚಲಲ್ಲಿ ಜಾರಿದರೆ ಅದರಿಂದಲೇ ಹಲ್ಲು ಉಳಿಯುತ್ತದೆ. ಆದರೆ ಸೈಡ್-ಬೈ-ಸೈಡ್‌ನಲ್ಲಿ, ಅಂದರೆ ಕಬ್ಬಿಣದ ಪಂಜರದೊಳಗೆ ಅಕ್ಕಪಕ್ಕ ಕೂತು ಕಲ್ಲುಮಣ್ಣಿನ ದಾರಿಯಲ್ಲಿ ಓಡಿಸುವ ಗಾಡಿಯಲ್ಲಿ, ಅದೇ ಅಭ್ಯಾಸದಿಂದ ಕೈ ಹೋಗುತ್ತದೆ. ಆರೇಳು ನೂರು ಕೆಜಿ ಗಾಡಿ ಮಗ್ಗುಲಿಗೆ ಬೀಳುವಾಗ ಹೊರಗೆ ಚಾಚಿದ ಕೈ ನೆಲಕ್ಕೂ ಪಂಜರದ ಕಬ್ಬಿಣಕ್ಕೂ ನಡುವೆ ಸಿಕ್ಕಿಕೊಳ್ಳುತ್ತದೆ.

ನನಗೆ ಇದು ಅರ್ಥವಾಗಿದ್ದು ನಮ್ಮ ಭಾವನ ಕೈ ನೋಡಿ. ಅಕ್ಕ, ಭಾವ ತಿಪಟೂರಿನಿಂದ ಬಂದಿದ್ದರು, ಎಲ್ಲರೂ ಸೇರಿ ಯೂಟಾದ ಮೋಆಬ್‌ಗೆ ಹೋದೆವು. ಅಮೆರಿಕದಲ್ಲಿರುವ ಕನ್ನಡಿಗರಿಗೆ ಮೋಆಬ್ ಹೊಸದೇನಲ್ಲ. ಆರ್ಚಸ್ ನ್ಯಾಷನಲ್ ಪಾರ್ಕ್ ನೋಡಲು ಹೋಗುತ್ತಾರೆ, ಊರೊಳಗೆ ಸಾಲಾಗಿ ನಿಂತ ಬಣ್ಣಬಣ್ಣದ ಬಾಡಿಗೆ ಗಾಡಿ ನೋಡುತ್ತಾರೆ, ಮಾರನೇ ದಿನ ಬುಕ್ ಮಾಡುತ್ತಾರೆ. ನಾವೂ ಹಾಗೇ. ಭಾವ ಗಾಡಿಯನ್ನು ಒಂದು ಸುತ್ತು ಬಂದು ನೋಡಿ, "ಅಂಬಾಸಿಡರಿಂದ ಟ್ರ್ಯಾಕ್ಟರ್‌ವರೆಗೂ ಓಡಿಸಿದ್ದೀನಿ ಕಣಯ್ಯ, ಇದೇನು ಮಹಾ" ಅಂದರು. ಓಡಿಸಿದ್ದು ನಾನು, ಅವರು ಬಲಗಡೆ ಸೀಟಿನಲ್ಲಿದ್ದರು. ಬಂಡೆಯೊಂದರ ಮೇಲೆ ಗಾಡಿ ಬಲಕ್ಕೆ ಒಂಚೂರು ವಾಲಿತು, ಅಷ್ಟೇ. ನಾನು ತಿರುಗಿ ನೋಡುವಷ್ಟರಲ್ಲಿ ಭಾವನ ಬಲಗೈ ಹೊರಗೆ ಹೋಗಿ ಮೇಲಿನ ಕಂಬಿಯನ್ನು ಹೊರಗಡೆಯಿಂದ ಗಟ್ಟಿಯಾಗಿ ಹಿಡಿದಿತ್ತು. ನಾಲ್ಕು ಬೆರಳೂ ಆಚೆ. ಗಾಡಿ ಬೀಳಲಿಲ್ಲ, ಏನೂ ಆಗಲಿಲ್ಲ. ಆದರೆ ಹಿಂದೆ ಬರುತ್ತಿದ್ದ ಗೈಡ್ ಹುಡುಗ ಇಬ್ಬರನ್ನೂ ನಿಲ್ಲಿಸಿ, ಆ ನಾಲ್ಕು ಬೆರಳನ್ನು ತೋರಿಸಿ, ಬಸ್ಸಿನ ಹೊರಗೆ ಕೈ ಹಾಕಿದ ಮಕ್ಕಳಿಗೆ ಹೇಳುವ ಹಾಗೆ ಹೇಳಿದ.

ಸರಿ, ಇದೇನು ಗಾಡಿ? ಏಟಿವಿ ಗೊತ್ತಲ್ವಾ, ಕುದುರೆ ಸವಾರಿ ಥರ ಕಾಲು ಆಚೆ ಈಚೆ ಹಾಕಿ ಹ್ಯಾಂಡಲ್ ಹಿಡಿದು ಓಡಿಸುವ ನಾಲ್ಕು ಚಕ್ರದ ಗಾಡಿ, ಕೊಡಗು, ಚಿಕ್ಕಮಗಳೂರಿನ ಕೆಲವು ರೆಸಾರ್ಟುಗಳಲ್ಲಿ ಇರುತ್ತದಲ್ಲ ಅದು. ಸೈಡ್-ಬೈ-ಸೈಡ್ ಅದರ ದೊಡ್ಡಣ್ಣ. ಇಲ್ಲಿ ಇಬ್ಬರು ಅಕ್ಕಪಕ್ಕ ಕೂರುತ್ತಾರೆ, ದೊಡ್ಡದಾದರೆ ಹಿಂದೆ ಇನ್ನಿಬ್ಬರು. ಕಾರಿನ ಹಾಗೆ ಸ್ಟೀರಿಂಗ್, ಪೆಡಲ್, ಸೀಟು, ಬೆಲ್ಟ್, ಸುತ್ತಲೂ ಕಬ್ಬಿಣದ ಕೊಳವೆಗಳ ಪಂಜರ. ಯುಟಿವಿ ಅಂತಲೂ ಕರೆಯುತ್ತಾರೆ. ಮೊದಮೊದಲು ಇವು ತೋಟದ ಗಾಡಿಗಳು. ಕವಾಸಾಕಿ ಕಂಪನಿಯ ಮ್ಯೂಲ್ 1988ರಲ್ಲಿ ಬಂದಾಗ ಬೇಲಿ ತಂತಿ, ಗೊಬ್ಬರ, ಹುಲ್ಲು ಸಾಗಿಸುವುದೇ ಅದರ ಕೆಲಸ. ಆಮೇಲೆ ಯಮಾಹಾ ರೈನೋ ಬಂತು, ಪೊಲಾರಿಸ್‌ನ ರೇಜರ್ ಬಂತು, ತೋಟದ ಗಾಡಿ ಮೋಜಿನ ಗಾಡಿಯಾಯಿತು, ವೇಗ ಏರುತ್ತಾ ಹೋಯಿತು.

ತೊಂದರೆ ಇರುವುದು ಆ ಸ್ಟೀರಿಂಗ್‌ನಲ್ಲೇ. ಅದನ್ನು ಹಿಡಿದ ತಕ್ಷಣ ತಲೆಯೊಳಗೆ 'ಇದು ಕಾರು' ಅಂತ ಕೂತುಬಿಡುತ್ತದೆ. ಏಟಿವಿ ಹತ್ತುವಾಗ ಇರುವ ಭಯ ಇದರಲ್ಲಿ ಇರುವುದೇ ಇಲ್ಲ. ಆದರೆ ಇದು ಬೀಳುವ ರೀತಿ ಕಾರಿನದ್ದಲ್ಲ, ಹುಲ್ಲು ಹೇರಿದ ಎತ್ತಿನ ಗಾಡಿಯದ್ದು.

ಹುಲ್ಲಿನ ಗಾಡಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಭಾರ ಎಲ್ಲಾ ಮೇಲೆ, ಗಾಲಿಗಳ ನಡುವಿನ ಅಗಲ ಕಮ್ಮಿ. ಒಂದು ಗಾಲಿ ಸ್ವಲ್ಪ ದಿಣ್ಣೆ ಹತ್ತಿದರೂ ಮೇಲಿನ ಭಾರ ಇನ್ನೊಂದು ಕಡೆಗೆ ಎಳೆಯುತ್ತದೆ. ಸೈಡ್-ಬೈ-ಸೈಡ್ ಬಂಡೆಗಳ ಮೇಲೆ ಹೊಟ್ಟೆ ತಗುಲದೆ ಹೋಗಬೇಕು, ಅದಕ್ಕೇ ಎತ್ತರ. ಕಾಡಿನ ಕಿರಿದಾದ ದಾರಿಯಲ್ಲಿ ತೂರಬೇಕು, ಅದಕ್ಕೇ ಅಗಲ ಕಮ್ಮಿ. ಜೊತೆಗೆ ನಾವು, ನಮ್ಮ ಭಾವ, ಹಿಂದೆ ಕೂಲರ್ ಡಬ್ಬ, ಇವೆಲ್ಲ ಗಾಡಿಯ ಕೆಳಗಲ್ಲ, ಮೇಲೆ ಸೇರುವ ಭಾರ.

ಇದಕ್ಕೊಂದು ಲೆಕ್ಕ ಇದೆ, ಹೆದರಬೇಡಿ, ಹೈಸ್ಕೂಲಿನದ್ದೇ. ತಿರುವಿನಲ್ಲಿ ಗಾಡಿಯನ್ನು ಹೊರಗೆ ಎಳೆಯುವ ಹಾಗೆ ಒಂದು ಬಲ ಅನ್ನಿಸುತ್ತದಲ್ಲ, ಅದು ಗಾಡಿಯ ತೂಕದ ಎಷ್ಟು ಪಾಲು ಆದಾಗ ಒಳಗಡೆಯ ಚಕ್ರ ನೆಲ ಬಿಡುತ್ತದೆ? ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ, ಅಂದರೆ ಸಿಪಿಎಸ್‌ಸಿ, ಬೇರೆ ಬೇರೆ ಮಾದರಿಗಳನ್ನು ಪರೀಕ್ಷೆ ಮಾಡಿದಾಗ ಅವು ಸುಮಾರು 0.63ರಿಂದ 0.78 ಪಾಲಿನ ನಡುವೆ ಪಲ್ಟಿಯ ಅಂಚಿಗೆ ಬಂದವು. ಸರಾಸರಿ 0.7 ಅಂದುಕೊಳ್ಳೋಣ. ಹತ್ತು ಮೀಟರ್ ತ್ರಿಜ್ಯದ ತಿರುವು, ಅಂದರೆ ಬಾಡಿಗೆ ಅಂಗಡಿಯ ಅಂಗಳದಲ್ಲಿ ಒಂದು ಸುತ್ತು ಹೊಡೆದ ಹಾಗೆ. ಅಲ್ಲಿ 0.7 ಮುಟ್ಟಲು ಬೇಕಾದ ವೇಗ ಗಂಟೆಗೆ ಬರೀ 30 ಕಿ.ಮೀ. ತಿರುವು ಐದು ಮೀಟರ್‌ಗೆ ಇಳಿದರೆ 21 ಕಿ.ಮೀ. ಸಾಕು. ನಮ್ಮೂರ ಗಲ್ಲಿಯಲ್ಲಿ ಸ್ಕೂಟರ್ ಹೋಗುವ ವೇಗ ಅದು! ಇದು ಸಮತಟ್ಟಾದ ನೆಲದ ಲೆಕ್ಕ. ನೆಲ ಹೊರಗಡೆಗೆ ಇಳಿಜಾರಾಗಿದ್ದರೆ ಇನ್ನೂ ಕಮ್ಮಿ ಸಾಕು.

ಮಾಮೂಲಿ ಕಾರು ಟಾರ್ ರಸ್ತೆಯಲ್ಲಿ ಜೋರಾಗಿ ತಿರುಗಿದರೆ ಸಾಮಾನ್ಯವಾಗಿ ಮೊದಲು ಟೈರು ಜಾರುತ್ತದೆ. ಜಾರಿದರೆ ಕಾರು ಬೀಳುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ. ಸೈಡ್-ಬೈ-ಸೈಡ್‌ನಲ್ಲಿ ನೆಲ ಗಟ್ಟಿಯಾಗಿ ಹಿಡಿದುಕೊಂಡರೆ ಟೈರು ಜಾರುವ ಮೊದಲೇ ಚಕ್ರ ಏಳುತ್ತದೆ. ಹಾಗಾಗಿ 'ಒಳ್ಳೇ ಗ್ರಿಪ್ ಇದೆ' ಅಂತ ಖುಷಿಪಡುವ ಜಾಗವೇ ಇಲ್ಲಿ ಪಲ್ಟಿಯ ಜಾಗ. ಮೋಆಬ್‌ನ ಬಂಡೆಗೆ 'ಸ್ಲಿಕ್‌ರಾಕ್' ಅಂತ ಹೆಸರು, ಜಾರುವ ಬಂಡೆ. ಲಾಳ ಹೊಡೆದ ಕುದುರೆಗಳ ಕಾಲು ಜಾರುತ್ತಿತ್ತು ಅಂತ ಆ ಹೆಸರು ಬಂತಂತೆ. ರಬ್ಬರ್ ಟೈರಿಗೆ ಅದು ಉಪ್ಪುಕಾಗದ ಇದ್ದ ಹಾಗೆ, ಅಲ್ಲಾಡದಂತೆ ಹಿಡಿಯುತ್ತದೆ. ಹೆಲ್ಸ್ ರಿವೆಂಜ್ ಅನ್ನುವ ದಾರಿಯಲ್ಲಿ ಗೋಡೆ ಹತ್ತಿದ ಹಾಗೆ ಗಾಡಿ ಹತ್ತುವುದು ಇದೇ ಹಿಡಿತದಿಂದ. ನೇರ ಹತ್ತುವಾಗ ವರ, ಅಡ್ಡ ತಿರುಗಿದರೆ ಶಾಪ.

ಇನ್ನೊಂದು ವಿಷಯ, ಇದು ಸ್ವಲ್ಪ ಸೂಕ್ಷ್ಮ. ಕೆಲವು ಗಾಡಿಗಳು ತಿರುವಿನಲ್ಲಿ ಹಿಂಭಾಗವನ್ನು ಹೊರಗೆ ಬೀಸುತ್ತವೆ. ನೀವು ಸ್ಟೀರಿಂಗ್ ತಿರುಗಿಸಿದ್ದು ಇಷ್ಟು, ಗಾಡಿ ತಿರುಗಿದ್ದು ಅಷ್ಟು. ಅಂದರೆ ತಿರುವು ತನ್ನಷ್ಟಕ್ಕೇ ಬಿಗಿಯಾಯಿತು. ಮೇಲಿನ ಲೆಕ್ಕ ನೆನಪಿಸಿಕೊಳ್ಳಿ, ಹತ್ತು ಮೀಟರ್ ಐದಾಯಿತು, ವೇಗ ಮಾತ್ರ ಹಾಗೇ ಇದೆ. ಓಡಿಸುವವನು ಏನೂ ತಪ್ಪು ಮಾಡಿಲ್ಲ ಅಂತ ಪ್ರಮಾಣ ಮಾಡುತ್ತಾನೆ, ಗಾಡಿ ಮಾತ್ರ ಮಗ್ಗುಲಾಗಿರುತ್ತದೆ. ಯಮಾಹಾ ರೈನೋ ವಿಷಯದಲ್ಲಿ 2009ರ ಮಾರ್ಚ್‌ನಲ್ಲಿ ಸಿಪಿಎಸ್‌ಸಿ ಮತ್ತು ಕಂಪನಿ ಸೇರಿ ಉಚಿತ ರಿಪೇರಿ ಘೋಷಿಸಿದ್ದು ಹೆಚ್ಚು ಕಮ್ಮಿ ಇದಕ್ಕೇ. ಆ ಹೊತ್ತಿಗೆ ಎರಡು ಮಾದರಿಗಳಲ್ಲಿ 46 ಸಾವುಗಳನ್ನು ಆಯೋಗ ತನಿಖೆ ಮಾಡಿತ್ತು. ಸಾವು, ಗಾಯ ತಂದ ಪಲ್ಟಿಗಳಲ್ಲಿ ಎಷ್ಟೋ, ಕಡಿಮೆ ವೇಗದಲ್ಲಿ, ಸಮತಟ್ಟಾದ ನೆಲದಲ್ಲೇ ತಿರುಗುವಾಗ ಆಗಿದ್ದವು. ರಿಪೇರಿ ಏನು ಗೊತ್ತಾ? ಹಿಂದಿನ ಚಕ್ರಗಳಿಗೆ ಸ್ಪೇಸರ್, ಅಂದರೆ ಚಕ್ರವನ್ನು ಹೊರಕ್ಕೆ ಸರಿಸುವ ಬಿಲ್ಲೆ, ಹಾಕಿ ಅಗಲ ಮಾಡಿದರು, ಹಿಂದಿನ ಆ್ಯಂಟಿ-ಸ್ವೇ ಬಾರ್ (ಎರಡೂ ಚಕ್ರಗಳ ಸಸ್ಪೆನ್ಷನ್ ಜೋಡಿಸುವ ಕಂಬಿ) ಬಿಚ್ಚಿಹಾಕಿದರು. ಅಗಲವಾದ ಗಾಡಿ ಸುಲಭಕ್ಕೆ ಬೀಳುವುದಿಲ್ಲ, ಬಾರ್ ತೆಗೆದರೆ ಹಿಂಭಾಗ ಬೀಸುವುದು ಕಮ್ಮಿ. ಅಷ್ಟೇ.

ಈಗಿನ ಗಾಡಿಗಳು ಆಗಿನದ್ದಕ್ಕಿಂತ ಅಗಲ, ಉತ್ತಮ. ನಿಜ. ಆದರೆ ವೇಗವೂ ಜಾಸ್ತಿ, ಹಾಗಾಗಿ ಲೆಕ್ಕ ಸರಿಸುಮಾರು ಅಲ್ಲಿಗೇ ಬಂದು ನಿಲ್ಲುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಹಾಗಾದರೆ ಗಾಡಿ ಬಿದ್ದೇ ಬೀಳುತ್ತದೆ ಅಂತ ಅರ್ಥವಾ? ಇಲ್ಲ. ಬೀಳಬಹುದು ಅಂತ ಗೊತ್ತಿದ್ದೇ ಮಾಡಿದ ಗಾಡಿ ಇದು, ಇಲ್ಲದಿದ್ದರೆ ಆ ಪಂಜರ ಯಾಕೆ? ಪಂಜರದ ಕೆಲಸ ಒಂದೇ. ಗಾಡಿ ಉರುಳಿದರೆ ನಿಮ್ಮ ಸುತ್ತ ಒಂದಿಷ್ಟು ಜಾಗ ನಜ್ಜುಗುಜ್ಜಾಗದೆ ಉಳಿಯಬೇಕು. ಆ ಜಾಗದೊಳಗೆ ನೀವಿದ್ದರೆ ಎದ್ದು ಬಂದು ಧೂಳು ಕೊಡವಿಕೊಳ್ಳುತ್ತೀರಿ. ಅರ್ಧ ಹೊರಗಿದ್ದರೆ ಅದೇ ಪಂಜರ ನಿಮ್ಮ ಮೇಲೆ ಬೀಳುತ್ತದೆ. ಸಿಪಿಎಸ್‌ಸಿ 2003ರಿಂದ 2011ರವರೆಗಿನ 428 ಘಟನೆಗಳ ವರದಿಗಳನ್ನು ಜಾಲಾಡಿತು. ಸತ್ತವರು 231. ಘಟನೆಗಳಲ್ಲಿ ನೂರಕ್ಕೆ 68 ಮಗ್ಗುಲಿಗೆ ಉರುಳಿದ್ದವು. ಗಾಡಿಯಲ್ಲಿ ಇದ್ದವರಲ್ಲಿ ನೂರಕ್ಕೆ 71 ಮಂದಿ ಪೂರ್ತಿಯಾಗಿಯೋ ಅರ್ಧವೋ ಹೊರಕ್ಕೆ ಎಸೆಯಲ್ಪಟ್ಟಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಪೆಟ್ಟು ಬಿದ್ದಿದ್ದು ತಮ್ಮದೇ ಗಾಡಿಯಿಂದ, ನೆಲದಿಂದಲ್ಲ, ಮರದಿಂದಲ್ಲ. ಬೆಲ್ಟ್ ಹಾಕಿದ್ದರೋ ಇಲ್ಲವೋ ಅಂತ ಗೊತ್ತಿದ್ದವರಲ್ಲಿ ಮುಕ್ಕಾಲು ಪಾಲು ಹಾಕಿರಲಿಲ್ಲ.

ಅದಕ್ಕೇ 2014ರಲ್ಲಿ ಆಯೋಗ, ಬೆಲ್ಟ್ ಹಾಕದಿದ್ದರೆ ಗಾಡಿ ಗಂಟೆಗೆ 15 ಮೈಲಿ, ಅಂದರೆ 24 ಕಿ.ಮೀ. ದಾಟಬಾರದು ಅನ್ನುವ ನಿಯಮದ ಕರಡು ಮುಂದಿಟ್ಟಿತು. ಈಗ ಎಷ್ಟೋ ಹೊಸ ಗಾಡಿಗಳಲ್ಲಿ ಈ ವ್ಯವಸ್ಥೆ ಇದೆ. ಇದನ್ನೂ ಮೋಸ ಮಾಡುವವರಿದ್ದಾರೆ, ಬೆಲ್ಟನ್ನು ಬೆನ್ನ ಹಿಂದೆ ಸಿಕ್ಕಿಸಿ ಕೂರುತ್ತಾರೆ, ಇಲ್ಲಾ ಖಾಲಿ ಕ್ಲಿಪ್ ತಂದು ಚುಚ್ಚುತ್ತಾರೆ. ನಗಬೇಡಿ, ಭಾರತದಲ್ಲಿ ಕಾರಿನ ಅಲಾರಂ ಸುಮ್ಮನಾಗಿಸುವ ಇಂಥ ಕ್ಲಿಪ್‌ಗಳು ಎಷ್ಟು ಮಾರಾಟವಾಗುತ್ತಿದ್ದವು ಅಂದರೆ 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಗೆ ಅವುಗಳನ್ನು ತೆಗೆದುಹಾಕಿ ಅಂತ ಆದೇಶ ಕೊಡಬೇಕಾಯಿತು.

ಬೆಲ್ಟ್ ಹಾಕುವುದರಲ್ಲೂ ಒಂದು ರೀತಿ ಇದೆ. ಕಾರಿನಲ್ಲಿ ಕ್ಲಿಕ್ ಅಂದರೆ ಮುಗಿಯಿತು. ಇಲ್ಲಿ ಕ್ಲಿಕ್ ಆದ ಮೇಲೆ ಕೆಲಸ ಶುರು. ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ತೊಡೆ ಶುರುವಾಗುವ ಮೂಳೆಯ ಮೇಲೆ ಇರಬೇಕು. ಅದನ್ನು ಮೊದಲು ಬಿಗಿ ಮಾಡಬೇಕು, ಆಮೇಲೆ ಭುಜದ್ದು. ಭುಜದ ಪಟ್ಟಿಯನ್ನೇ ಮೊದಲು ಎಳೆದರೆ ಸೊಂಟದ್ದು ಹೊಟ್ಟೆಗೆ ಏರಿಬಿಡುತ್ತದೆ. ನಾಲ್ಕು ಕಡೆ ಬಿಗಿಯುವ ಹಾರ್ನೆಸ್ ಇದ್ದರೆ ಇದು ಇನ್ನೂ ಮುಖ್ಯ. ಗೈಡ್ ಹುಡುಗ ಭಾವನ ಪಟ್ಟಿಯನ್ನು ಎಷ್ಟು ಎಳೆದ ಅಂದರೆ ಅವರು "ಏನಯ್ಯ, ಹೊರೆ ಕಟ್ಟಿದ ಹಾಗೆ ಕಟ್ತಾನಲ್ಲ" ಅಂದರು. ಹೌದು, ಹಾಗೇ ಕಟ್ಟಬೇಕು. ಗಾಡಿ ತಲೆಕೆಳಗಾದಾಗ ಸಡಿಲ ಬೆಲ್ಟಿನಲ್ಲಿ ತಲೆ ಹೋಗಿ ಕಂಬಿಗೆ ಬಡಿಯುತ್ತದೆ.

ಹೆಲ್ಮೆಟ್ ಕೂಡ ಅದಕ್ಕೇ. 'ಒಳಗೆ ಕೂತಿರ್ತೀವಲ್ಲ, ಹೆಲ್ಮೆಟ್ ಯಾಕೆ' ಅಂತ ಕೇಳುವವರು ಜಾಸ್ತಿ. ಪಂಜರ ಕಬ್ಬಿಣದ್ದು, ಕಾರಿನೊಳಗಿನ ಮೆತ್ತೆ, ಏರ್‌ಬ್ಯಾಗು ಇಲ್ಲಿಲ್ಲ. ಯೂಟಾದಲ್ಲಿ 18ಕ್ಕಿಂತ ಚಿಕ್ಕವರಿಗೆ ಹೆಲ್ಮೆಟ್ ಕಡ್ಡಾಯ, ಕ್ಯಾಲಿಫೋರ್ನಿಯಾದಲ್ಲಿ ಇಂಥ ಗಾಡಿಯಲ್ಲಿ ಕೂತ ಎಲ್ಲರಿಗೂ. ಕಾನೂನು ಏನೇ ಇರಲಿ, ಗದ್ದ ಮುಚ್ಚುವಂಥದ್ದು ಹಾಕಿಕೊಳ್ಳಿ. ಜೊತೆಗೆ ಕನ್ನಡಕ, ಮುಚ್ಚಿದ ಶೂ. ದುಪಟ್ಟಾ ಬೇಡವೇ ಬೇಡ. ಬಾಗಿಲಿಲ್ಲದ ಗಾಡಿಯಲ್ಲಿ ಹಾರಾಡುವ ಬಟ್ಟೆಗೂ ಹಿಂದಿನ ಚಕ್ರಕ್ಕೂ ದೂರ ತೀರಾ ಕಮ್ಮಿ. ಅಕ್ಕ ಅದನ್ನು ಬ್ಯಾಗಿಗೆ ಹಾಕಿದಳು, ಗೊಣಗಿಕೊಂಡೇ.

ಮತ್ತೆ ಕೈ ವಿಷಯಕ್ಕೆ ಬರೋಣ. ಓಡಿಸುವವರ ಕೈ ಸ್ಟೀರಿಂಗ್ ಮೇಲೆ, ಏನೇ ಆದರೂ. ಪಕ್ಕದವರಿಗೆ ಮುಂದೆ ಒಂದು ಹಿಡಿ ಇರುತ್ತದೆ, ಅದನ್ನೇ ಹಿಡಿಯಬೇಕು. ಪಂಜರದ ಕಂಬಿ ಹಿಡಿಯಬಾರದು, ಬಾಗಿಲ ಮೇಲೆ ಮೊಣಕೈ ಊರಬಾರದು. ಬಾಗಿಲು ಅಥವಾ ಬಲೆ ಇದ್ದರೆ ಅದನ್ನು ಹಾಕಿಯೇ ಹೊರಡಬೇಕು, ಅದು ಇರುವುದೇ ನಿಮ್ಮ ಕೈಕಾಲನ್ನು ಒಳಗಿಡುವುದಕ್ಕೆ. ಗಾಡಿ ವಾಲಿದಾಗ ಹಿಡಿಯನ್ನು ಎದೆಗೆ ಎಳೆದುಕೊಂಡ ಹಾಗೆ ಗಟ್ಟಿಯಾಗಿ ಹಿಡಿದು, ಕಾಲನ್ನು ಗಾಡಿಯೊಳಗಿನ ನೆಲಕ್ಕೆ ಒತ್ತಿ, ಬೆನ್ನನ್ನು ಸೀಟಿಗೆ ಅಂಟಿಸಿಕೊಳ್ಳಿ. ಹೊರಗೆ ಹಾರಲು ಹೋಗಬೇಡಿ, ಹಾರುವ ದಿಕ್ಕಿಗೇ ಗಾಡಿ ಬರುತ್ತಿರುತ್ತದೆ. ನಡುರಸ್ತೆಯಲ್ಲಿ ಇದನ್ನು ನೆನಪಿಸಿಕೊಳ್ಳಲು ಸಮಯ ಇರುವುದಿಲ್ಲ. ಹೊರಡುವ ಮುಂಚೆ, ಗಾಡಿ ನಿಂತಿರುವಾಗಲೇ, "ವಾಲಿತು!" ಅಂತ ಕೂಗಿ ನಾಲ್ಕು ಸಲ ಅಭ್ಯಾಸ ಮಾಡಿ. ನಾವು ಮಾಡಿದೆವು, ಪಕ್ಕದ ಗಾಡಿಯವರು ನಕ್ಕರು, ನಗಲಿ ಬಿಡಿ.

ಮಕ್ಕಳ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ನಮ್ಮವರಲ್ಲಿ 'ಮಗೂನ ತೊಡೆ ಮೇಲೆ ಕೂರಿಸ್ಕೋತೀನಿ ಬಿಡಿ' ಅನ್ನುವ ಮಾತು ಬಸ್ಸು, ಆಟೋ, ಕಾರು ಎಲ್ಲ ದಾಟಿ ಇಲ್ಲಿಗೂ ಬಂದಿದೆ. ಉರುಳುವ ಗಾಡಿಯಲ್ಲಿ ಮಗುವನ್ನು ಹಿಡಿದಿಡುವ ಶಕ್ತಿ ಯಾವ ಅಪ್ಪನ ಕೈಗೂ ಇಲ್ಲ. ಪರೀಕ್ಷೆ ಸುಲಭ: ಮಗುವಿನ ಬೆನ್ನು ಸೀಟಿಗೆ ತಾಗಬೇಕು, ಹಾಗೆ ಕೂತಾಗ ಎರಡೂ ಪಾದ ಪೂರ್ತಿ ಗಾಡಿಯೊಳಗಿನ ನೆಲದ ಮೇಲಿರಬೇಕು, ಕೈ ಹಿಡಿಗೆ ಎಟುಕಬೇಕು. ಒಂದು ತಪ್ಪಿದರೂ ಮಗು ಕೆಳಗೇ ಇರಲಿ, ಯಾರಾದರೂ ಜೊತೆಗಿದ್ದು ಐಸ್ ಕ್ರೀಂ ಕೊಡಿಸಲಿ. ಕಾರಿನ ಚೈಲ್ಡ್ ಸೀಟನ್ನು ಇದಕ್ಕೆ ಕಟ್ಟುವುದೂ ಪರಿಹಾರವಲ್ಲ. ಓಡಿಸುವುದಕ್ಕೆ ಕನಿಷ್ಠ 16 ವರ್ಷ ಅಂತ ಸಾಮಾನ್ಯವಾಗಿ ಗಾಡಿಯ ಮೇಲೇ ಅಂಟಿಸಿರುತ್ತಾರೆ. ಹಿಂದಿನ ಸಾಮಾನಿನ ತೊಟ್ಟಿಯಲ್ಲಿ ಯಾರೂ ಕೂರುವ ಹಾಗಿಲ್ಲ, ಎಷ್ಟೇ ದೊಡ್ಡವರಾಗಲಿ.

ಓಡಿಸುವ ಮಾತು. ಏರನ್ನು ನೇರ ಹತ್ತಿ, ನೇರ ಇಳಿಯಿರಿ. ಅರ್ಧದಲ್ಲಿ ಗಾಡಿ ನಿಂತುಬಿಟ್ಟರೆ ಅಲ್ಲೇ ತಿರುಗಿಸಿಕೊಂಡು ಬರೋಣ ಅನ್ನಿಸುತ್ತದೆ, ಅದೇ ದೊಡ್ಡ ತಪ್ಪು. ಬ್ರೇಕ್ ಒತ್ತಿ, ರಿವರ್ಸ್ ಹಾಕಿ, ನಿಧಾನಕ್ಕೆ ಬಂದ ದಾರಿಯಲ್ಲೇ ಹಿಂದಕ್ಕೆ ಇಳಿಯಿರಿ. ಇಳಿಜಾರಿಗೆ ಅಡ್ಡಲಾಗಿ ಹೋಗುವುದನ್ನು ಆದಷ್ಟು ತಪ್ಪಿಸಿ. ತಪ್ಪಿಸಲಾಗದೆ ಹೋಗುವಾಗ ವಾಲತೊಡಗಿದರೆ ಸ್ಟೀರಿಂಗನ್ನು ಕೆಳಗಡೆಗೆ, ಇಳಿಜಾರಿನ ಕಡೆಗೇ ತಿರುಗಿಸಿ. ಮನಸ್ಸು ಮೇಲಕ್ಕೆ ತಿರುಗಿಸು ಅನ್ನುತ್ತದೆ, ಕೇಳಬೇಡಿ. ಒಂದೇ ಜಾಗದಲ್ಲಿ ಗಿರಗಿರ ತಿರುಗಿಸಿ ಧೂಳೆಬ್ಬಿಸುವ ವಿಡಿಯೋಗಳಿವೆಯಲ್ಲ, ಅವನ್ನು ನೋಡಿ ಬಂದು ಮಾಡಲು ಹೋಗುವವರಿಗೆ ಆ 21 ಕಿ.ಮೀ. ಲೆಕ್ಕ ಇನ್ನೊಂದು ಸಲ ಓದಿ ಅನ್ನುತ್ತೇನೆ.

ಮರಳು ದಿಬ್ಬಗಳ ಕಥೆ ಬೇರೆ. ಕ್ಯಾಲಿಫೋರ್ನಿಯಾದ ಗ್ಲ್ಯಾಮಿಸ್‌ನಲ್ಲಿ ದಿಬ್ಬದ ಆಚೆ ಬದಿ ಕತ್ತರಿಸಿದ ಹಾಗೆ ಇಳಿದಿರುತ್ತದೆ, ಆಚೆಯಿಂದ ಇನ್ನೊಂದು ಗಾಡಿಯೂ ಬರುತ್ತಿರಬಹುದು. ಅದಕ್ಕೇ ಅಲ್ಲಿ ಪ್ರತಿ ಗಾಡಿಗೂ ಉದ್ದ ಕೋಲಿನ ತುದಿಯಲ್ಲಿ ಬಾವುಟ ಬೇಕು. ದಿಬ್ಬದ ನೆತ್ತಿಯನ್ನು ಜೋರಾಗಿ ಹಾರಿಸದೆ, ಆಚೆ ಏನಿದೆ ಅಂತ ಕಾಣುವಷ್ಟು ನಿಧಾನಿಸಿ.

ಮೋಆಬ್‌ನ ದಾರಿಯಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಬೆರಳಿನ ಲೆಕ್ಕ. ಎದುರಿನಿಂದ ಗಾಡಿ ಬಂದಾಗ, ಗಾಡಿ ನಿಧಾನಿಸಿ, ನನ್ನ ಹಿಂದೆ ಇನ್ನೂ ಎಷ್ಟು ಗಾಡಿ ಇವೆ ಅಂತ ಬೆರಳು ಎತ್ತಿ ತೋರಿಸುತ್ತಾರೆ. ಮೂರು ಬೆರಳು ಅಂದರೆ ಇನ್ನೂ ಮೂರು. ಮುಷ್ಟಿ ಅಂದರೆ ನಾನೇ ಕೊನೆ. ಧೂಳಿನಲ್ಲಿ ಮುಂದಿನದು ಕಾಣದ ಕಡೆ ಈ ಮುಷ್ಟಿ ಎಷ್ಟು ನೆಮ್ಮದಿ ಕೊಡುತ್ತದೆ ಅಂತ ಹೋದವರಿಗೇ ಗೊತ್ತು. (ಕೈ ಪಂಜರದೊಳಗೇ ಇಟ್ಟು ತೋರಿಸಿ!)

ಬಾಡಿಗೆಗೆ ತೆಗೆದುಕೊಳ್ಳುವವರು ಸಹಿ ಹಾಕುವ ಮುಂಚೆ ಗಾಡಿ ನೋಡಿ. ನಮಗೆ ಕೊಟ್ಟ ಗಾಡಿಯಲ್ಲಿ ಹಿಂದಿನ ಒಂದು ಬೆಲ್ಟ್ ಲಾಕ್ ಆಗುತ್ತಿರಲಿಲ್ಲ, ಧೂಳು ತುಂಬಿ ಬಕಲ್ ಕಚ್ಚುತ್ತಿರಲಿಲ್ಲ. ಕೌಂಟರಿನವರು ಜೋರಾಗಿ ಒತ್ತಿ ಅಂದರು. ನಾನು ಬೇರೆ ಗಾಡಿ ಕೊಡಿ ಅಂದೆ, ಮುಖ ಸಣ್ಣ ಮಾಡಿಕೊಂಡು ಕೊಟ್ಟರು. ಬೆಲ್ಟ್, ಟೈರು, ಬ್ರೇಕ್, ಬಾಗಿಲ ಚಿಲಕ, ಐದು ನಿಮಿಷದ ಕೆಲಸ. ಸ್ವಂತ ಗಾಡಿ ಇದ್ದರೆ ರೀಕಾಲ್ ಆಗಿದೆಯಾ ಅಂತಲೂ ನೋಡಿಕೊಳ್ಳಿ. 2016ರಲ್ಲಿ ಬೆಂಕಿ ಹತ್ತಿಕೊಳ್ಳುವ ದೋಷಕ್ಕೆ ಪೊಲಾರಿಸ್ ಸುಮಾರು 1,33,000 ರೇಜರ್‌ಗಳನ್ನು ವಾಪಸ್ ಕರೆಯಬೇಕಾಯಿತು, ಅಷ್ಟರಲ್ಲಿ 160ಕ್ಕೂ ಹೆಚ್ಚು ಬೆಂಕಿ ಪ್ರಕರಣ ವರದಿಯಾಗಿದ್ದವು. ಒಣಹುಲ್ಲಿನ ಮೇಲೆ ಬಿಸಿ ಗಾಡಿ ನಿಲ್ಲಿಸುವುದೂ ಅಷ್ಟೇ ಅಪಾಯ.

ಯೂಟಾದಲ್ಲಿ 2023ರಿಂದ ಓಡಿಸುವವರು ಆನ್‌ಲೈನ್ ಕೋರ್ಸ್ ಮುಗಿಸಿರಬೇಕು, ದೊಡ್ಡವರಿಗೆ ಅದು ಉಚಿತ. ಹಿಂದಿನ ರಾತ್ರಿಯೇ ಮುಗಿಸಿಕೊಳ್ಳಿ, ಬೆಳಿಗ್ಗೆ ಹೋಟೆಲಿನ ವೈಫೈ ಕೈಕೊಡುತ್ತದೆ. ಬಿಯರ್ ವಾಪಸ್ ಬಂದ ಮೇಲೆ. ಯೂಟಾದಲ್ಲಿ ರಕ್ತದಲ್ಲಿನ ಮದ್ಯದ ಮಿತಿ 0.05, ಅಮೆರಿಕದ ಬೇರೆ ರಾಜ್ಯಗಳಿಗಿಂತ ಬಿಗಿ. ಬೇಸಿಗೆಯಲ್ಲಿ 38 ಡಿಗ್ರಿ ದಾಟುತ್ತದೆ, ನೀರು ಬೇಕಾದ್ದಕ್ಕಿಂತ ಎರಡರಷ್ಟು ಇರಲಿ. ಫೋನ್ ಸಿಗ್ನಲ್ ನಂಬಬೇಡಿ, ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಯಾರಿಗಾದರೂ ಹೇಳಿ ಹೊರಡಿ.

ಇಷ್ಟಾದರೂ ಗಾಡಿ ಉರುಳಿತು ಅಂದುಕೊಳ್ಳಿ. ಪೂರ್ತಿ ನಿಲ್ಲುವವರೆಗೆ ಏನನ್ನೂ ಬಿಚ್ಚಬೇಡಿ, ಒಂದು ಉರುಳು ಎರಡಾಗಬಹುದು. ನಿಂತ ಮೇಲೆ ಕೀ ಆಫ್. ಪೆಟ್ರೋಲ್ ವಾಸನೆ ಬರುತ್ತಿದೆಯಾ ನೋಡಿ. ತಲೆಕೆಳಗಾಗಿ ನೇತಾಡುತ್ತಿದ್ದರೆ ಬೆಲ್ಟ್ ಬಿಚ್ಚುವ ಮುಂಚೆ ಒಂದು ಕೈಯನ್ನು ಕೆಳಗಿನ ಚಾವಣಿಗೆ ಊರಿ, ಇಲ್ಲದಿದ್ದರೆ ಬೆಲ್ಟ್ ಬಿಚ್ಚಿದ ಕ್ಷಣವೇ ಕತ್ತಿನ ಮೇಲೆ ಬೀಳುತ್ತೀರಿ. ಕೈ ಊರುವ ಆ ಹಳೇ ಅಭ್ಯಾಸಕ್ಕೆ ಇಲ್ಲಿ ಮಾತ್ರ ಜಾಗ ಇದೆ. ಕತ್ತು ನೋಯುತ್ತಿದೆ ಅಂದವರನ್ನು ಬೆಂಕಿಯ ಭಯ ಇಲ್ಲದಿದ್ದರೆ ಅಲ್ಲಾಡಿಸಬೇಡಿ. ಮತ್ತೆ, ಗಾಡಿಯನ್ನು ನಾಲ್ಕು ಜನ ಸೇರಿ ಎತ್ತಿಬಿಡೋಣ ಅಂತ ಕೆಳಗಡೆ ಬದಿಯಲ್ಲಿ ಮಾತ್ರ ನಿಲ್ಲಬೇಡಿ. ಭಾವ ಹೇಳಿದ್ದು ಸರಿ ಅನ್ನಿಸಿತು: ಹೊಲದಲ್ಲಿ ಮಗುಚಿದ ಟ್ರ್ಯಾಕ್ಟರನ್ನು ಯಾರೂ ಕೈಯಲ್ಲಿ ಎತ್ತಲು ಹೋಗುವುದಿಲ್ಲ, ಹಗ್ಗ ತರಲು ಹೋಗುತ್ತಾರೆ.